ಸಮಾನವಲ್ಲದ ಎರಡು ಯಂತ್ರಗಳು ಮತ್ತು ಒಂದು ಮುದ್ರೆ

ವಿಮಾನದ ಉಪಕರಣಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯರೇ,

ನಿಮ್ಮ ಒಂದು ಮುದ್ರೆಯನ್ನು ಹಿಂತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಸಣ್ಣ ವಿಮಾನಗಳಲ್ಲಿ ಪೈಲಟ್‌ಗೆ ದಾರಿ ತೋರುವ ಎರಡು ಬಗೆಯ ಜಿಪಿಎಸ್ ಯಂತ್ರಗಳು "ಬಳಕೆಯ ದೃಷ್ಟಿಯಿಂದ ಸಮಾನ" ಎಂದು ನಿಮ್ಮ ಕಚೇರಿ ಹೇಳಿದೆ. ಒಂದನ್ನು ಕಲಿತವರು ಬೇರೆ ತರಬೇತಿಯಿಲ್ಲದೆ ಮತ್ತೊಂದನ್ನು ಬಳಸಬಹುದು ಎಂದೂ ಹೇಳಿದೆ. ಅವು ಸಮಾನವಲ್ಲ. ಒಂದು ಪ್ರಶ್ನೆಯಲ್ಲಿ ಅವು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಆ ಪ್ರಶ್ನೆಗೆ ಮೋಡದೊಳಗೆ ಕುಳಿತು ಉತ್ತರ ಒತ್ತುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಇಳಿಯಲು ಜಾಗ ಖಾಲಿಯಿಲ್ಲದಿದ್ದರೆ ವಿಮಾನ ಬಸ್ಸಿನ ಹಾಗೆ ರಸ್ತೆಬದಿಗೆ ನಿಲ್ಲಲಾರದು. ಆಕಾಶದ ಒಂದು ಬಿಂದುವನ್ನು ಹಿಡಿದು, ಓಟದ ಮೈದಾನದ ಆಕಾರದಲ್ಲಿ ಸುತ್ತುತ್ತ ಕಾಯಬೇಕು. ಪೈಲಟ್‌ಗಳು ಇದನ್ನು ಹೋಲ್ಡ್ ಎನ್ನುತ್ತಾರೆ. ಬಹುಪಾಲು ಹೋಲ್ಡ್‌ಗಳು ಯಂತ್ರದಲ್ಲಿ ಮೊದಲೇ ತುಂಬಿರುತ್ತವೆ, ಆರಿಸಿಕೊಂಡರೆ ಸಾಕು. ಆದರೆ ಕೆಳಗಿನ ಟವರ್‌ನವರು ಇದ್ದಕ್ಕಿದ್ದಂತೆ ಬೇರೊಂದು ಜಾಗದಲ್ಲಿ ಕಾಯಿರಿ ಎಂದರೆ, ಪೈಲಟ್ ಹಾರುತ್ತಲೇ ಅದನ್ನು ಒತ್ತಿ ತುಂಬಬೇಕು: ಯಾವ ಬಿಂದು, ಯಾವ ದಿಕ್ಕು, ಎಡಕ್ಕೋ ಬಲಕ್ಕೋ, ಎಷ್ಟು ಉದ್ದದ ಸುತ್ತು. ಕೇಡಿರುವುದು ದಿಕ್ಕಿನಲ್ಲಿ. ಹಳೆಯ ಯಂತ್ರಕ್ಕೆ ಬೇಕಾದದ್ದು ಬಿಂದುವಿನ ಯಾವ ಬದಿಯಲ್ಲಿ ಸುತ್ತಬೇಕು ಎಂಬುದು. ಹೊಸದಕ್ಕೆ ಬೇಕಾದದ್ದು ಬಿಂದುವಿಗೆ ಮರಳುವಾಗ ಎತ್ತ ಮುಖ ಮಾಡಿರಬೇಕು ಎಂಬುದು. ಪೂರ್ವದಲ್ಲಿ ಕಾಯುವ ವಿಮಾನ ಪಶ್ಚಿಮಕ್ಕೆ ಮುಖ ಮಾಡಿಯೇ ಮರಳುತ್ತದೆ. ಹಾಗಾಗಿ ಹಳೆಯದರಲ್ಲಿ ತೊಂಬತ್ತು ಡಿಗ್ರಿ, ಅಂದರೆ ಪೂರ್ವ, ಒತ್ತಬೇಕಾದಲ್ಲಿ ಹೊಸದರಲ್ಲಿ ಇನ್ನೂರ ಎಪ್ಪತ್ತು, ಅಂದರೆ ಪಶ್ಚಿಮ, ಒತ್ತಬೇಕು. ಎರಡೂ ಪರದೆಗಳಲ್ಲಿ ಆ ಖಾನೆ ಒಂದೇ ಮೂಲೆಯಲ್ಲಿದೆ, ಒಂದೇ ಬಣ್ಣದಲ್ಲಿದೆ. ನಿಮಗೆ ಕಂಡ ಸಮಾನತೆ ಇದೇ ಇರಬೇಕು.

ನನ್ನ ಕಸುಬು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು. ಎದುರು ಕೂತವರ ಬಲಗಣ್ಣು ನನಗೆ ಎಡಕ್ಕಿರುತ್ತದೆ. ಆದರೂ ಬಲ ಎಂದರೆ ಅವರ ಬಲವೇ ಎಂದು ನಮ್ಮವರು ಎಂದೋ ಒಪ್ಪಿಕೊಂಡಿದ್ದಾರೆ, ಅಂಗಡಿಗೊಂದು ನಿಯಮವಿಲ್ಲ. ತಪ್ಪಿದರೂ ನಮ್ಮಲ್ಲಿ ಆಗುವುದು ತಲೆನೋವು. ಗಿರಾಕಿ ಬಂದು ಬೈದು ಹೋಗುತ್ತಾನೆ. ನೀವು ಸಮಾನ ಎಂದ ಯಂತ್ರಗಳಲ್ಲಿ ತಪ್ಪಿದವರು ಬಂದು ಬೈಯುವುದಿಲ್ಲ. ನಿಮ್ಮ ಕಚೇರಿಯ ನೆಮ್ಮದಿಗೆ ಅದೇ ಕಾರಣವಿರಬಹುದೇ?

ಕಳೆದ ತಿಂಗಳು ನಾನು ಅವಳ ಪಕ್ಕದ ಸೀಟಿನಲ್ಲಿದ್ದೆ. ಅವಳದು ಒಂಬತ್ತು ಮಂದಿಯ ವಿಮಾನ, ಪೈಲಟ್ ಒಬ್ಬಳೇ; ಹಿಂದೆ ಜನ ತುಂಬಿದರೆ ಒಬ್ಬ ಪ್ರಯಾಣಿಕ ಮುಂದೆ ಕೂರುತ್ತಾನೆ. ವಾರವಿಡೀ ಅವಳು ಹಳೆಯ ಯಂತ್ರದ ವಿಮಾನ ಹಾರಿಸಿದ್ದಳು. ಆ ಬೆಳಿಗ್ಗೆ ಹೊಸದನ್ನು ಕೊಟ್ಟಿದ್ದರು. ನಾವು ದಕ್ಷಿಣದಿಂದ ಬರುತ್ತಿದ್ದೆವು. ಇಳಿಯಬೇಕಾದ ಊರಿನ ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಗುಡ್ಡ, ನಡುವೆ ಎಲ್ಲೆಲ್ಲೂ ಮೋಡ. ನಮಗಿಂತ ಮೊದಲು ಇಳಿದ ವಿಮಾನವೊಂದು ಟೈರು ಒಡೆದು ರನ್‌ವೇ ಮೇಲೆ ನಿಂತಿತ್ತು. ಬಿಂದುವಿನ ಪೂರ್ವಕ್ಕೆ, ಬಲಸುತ್ತಿನಲ್ಲಿ ಕಾಯಿರಿ ಎಂದು ಟವರ್‌ನಿಂದ ಬಂತು. ಅವಳು ಅದನ್ನೇ ತಿರುಗಿ ಹೇಳಿ, ಯಂತ್ರಕ್ಕೆ ಒತ್ತಿ, ನನ್ನತ್ತ ನೋಡಿದಳು.

"ನೋಡು, ನಿಂಗೆ ಪುಕ್ಕಟೆ ಒಂದು ಸುತ್ತು ಜಾಸ್ತಿ."

ಕಿಟಕಿಗೆ ಬಿಳಿ ಬಟ್ಟೆ ಹೊದಿಸಿದಂತಿತ್ತು. ಬಿಂದು ಬಂತು. ವಿಮಾನ ತಾನಾಗಿ ಬಲಕ್ಕೆ ತಿರುಗಬೇಕಿತ್ತು. ಅದು ಎಡಕ್ಕೆ ವಾಲಿತು.

"ಏನಾಯ್ತು?" ಎಂದೆ.

"ಮಾತಾಡ್ಬೇಡ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ದನಿ ನಾನು ಕೇಳಿರಲಿಲ್ಲ. ಸಿಟ್ಟಿನ ದನಿಯಲ್ಲ, ಯಾರೂ ಇಲ್ಲದ ಮನೆಯೊಳಗಿಂದ ಬಂದ ಹಾಗಿತ್ತು. ಪರದೆಯ ಮೇಲೆ ಗುಡ್ಡ ಹತ್ತಿರವಾದಂತೆ ಹಳದಿಯಾಯಿತು, ಅದರ ಅಂಚು ಕೆಂಪಾಯಿತು. ಅವಳು ಆಟೋಪೈಲಟ್ ಕಳಚಿ ವಿಮಾನವನ್ನು ಕೈಗೆ ತೆಗೆದುಕೊಂಡಳು. ಬಲಕ್ಕೆ ಹೊರಳಿಸಿ ಮೇಲಕ್ಕೆತ್ತಿದಳು. ಗುಡ್ಡ ನನಗೆ ಕಾಣಲೇ ಇಲ್ಲ. ಎಷ್ಟು ಹತ್ತಿರವಿತ್ತು ಎಂದು ಅವಳನ್ನು ಈವರೆಗೆ ಕೇಳಿಲ್ಲ.

ನಮ್ಮ ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಮುಂದಕ್ಕೆ ಬಾಗಿ, "ಏನ್ ತಾಯಿ, ಮನೇಲಿ ಏನಾದ್ರೂ ಮರ್ತು ಬಂದ್ಯಾ, ವಾಪಸ್ ಹೊರಟೆಯಲ್ಲ?" ಎಂದರು.

"ಇಲ್ಲ ಅಜ್ಜಿ, ಬೇರೆಯವ್ರಿಗೆ ದಾರಿ ಬಿಡ್ತಿದೀನಿ," ಎಂದಳು ಇವಳು.

ಇಳಿದು ಎಲ್ಲರೂ ಹೋದ ಮೇಲೆ ಅವಳು ಮಂಡಿಯ ಮೇಲೆ ಕೈಯೂರಿ ಕೂತೇ ಇದ್ದಳು. "ತೊಂಬತ್ತು ಒತ್ತಿದೆ ಕಣೋ. ಹಳೇ ಡಬ್ಬದ ಅಭ್ಯಾಸ. ಸುತ್ತು ಯಾವ ಕಡೆ ಬಂದಿದೆ ಅಂತ ಪರದೇಲಿ ಗೆರೆ ಎಳೆದು ತೋರಿಸ್ತಿತ್ತು. ನೋಡ್ಲಿಲ್ಲ. ನಿನ್ನ ಹತ್ರ ಹರಟೆ ಹೊಡೀತಿದ್ದೆ."

ಇದೆಲ್ಲವನ್ನೂ ಅವಳು ತಾನಾಗಿಯೇ ನಿಮಗೆ ಬರೆದು ತಿಳಿಸಿದಳು. ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ನಿಮ್ಮ ಉತ್ತರ ಎರಡೇ ವಾಕ್ಯ: "ಯಂತ್ರವು ನಿರೀಕ್ಷೆಯಂತೆ ಕಾರ್ಯನಿರ್ವಹಿಸಿದೆ. ಪೈಲಟ್‌ಗಳು ಎಚ್ಚರ ವಹಿಸತಕ್ಕದ್ದು." ಮಾನ್ಯರೇ, ಯಂತ್ರ ನಿರೀಕ್ಷೆಯಂತೆ ಕೆಲಸ ಮಾಡಿದ್ದು ನಿಜ. ಗುಡ್ಡವೂ ನಿರೀಕ್ಷೆಯಂತೆ ಅಲ್ಲಿಯೇ ನಿಂತಿತ್ತು. ನಿರೀಕ್ಷೆ ಮೀರಿ ಎಚ್ಚರವಾಗಿದ್ದದ್ದು ಅವಳೊಬ್ಬಳೇ, ಅದೂ ಕೊನೆಯ ಗಳಿಗೆಯಲ್ಲಿ. ನಿಮ್ಮ ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಗಳಿಗೆಯ ಮೇಲೆಯೇ?

ನಾನೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಸಜ್ಜನರು, ಕುರ್ಚಿ ಕೊಟ್ಟರು.

"ಮೇಡಂ ಹೋಲ್ಡ್ ಪರೀಕ್ಷೆ ಪಾಸಾಗಿದಾರಲ್ಲ ಸಾರ್?"

"ಆಗಿದ್ದಾಳೆ. ಹಳೇ ಯಂತ್ರದಲ್ಲಿ, ಮೊದಲೇ ತುಂಬಿಟ್ಟಿದ್ದ ಹೋಲ್ಡು."

"ಮತ್ತೇನ್ ಸಾರ್. ಒಂದು ಸ್ಕೂಟರ್ ಬರೋರಿಗೆ ಎಲ್ಲಾ ಸ್ಕೂಟರೂ ಬರುತ್ತಲ್ವಾ?"

"ಬಲಕ್ಕೆ ತಿರುಗಿಸಿದ್ರೆ ಎಡಕ್ಕೆ ಹೋಗೋ ಸ್ಕೂಟರ್ ಇದ್ರೆ ಒಂದು ತೋರಿಸಿ."

ಅವರು ನಕ್ಕು, "ನೀವು ಬಿಡಿ ಸಾರ್, ತಮಾಷೆ ಮನುಷ್ಯರು," ಎಂದರು. ಮೇಜಿನ ಮೇಲಿದ್ದ ಅವರ ನೀರನ್ನೇ ಕೇಳಿ ಕುಡಿದು ಬಂದೆ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಅವಳ ಜೊತೆಯ ಪೈಲಟ್ ಒಬ್ಬನ ಮಾತು. "ನೀನ್ಯಾಕೆ ಬರ್ಕೊಟ್ಟೆ? ನಂಗೂ ಹೀಗೇ ಆಗಿತ್ತು. ಮೋಡ ಇರ್ಲಿಲ್ಲ, ಬಚಾವಾದೆ," ಎಂದನಂತೆ. ಇನ್ನೆಷ್ಟು ಜನ ಹೀಗೆ ಬಚಾವಾಗಿ ಬಾಯಿ ಮುಚ್ಚಿಕೊಂಡಿದ್ದಾರೆ? ಬರೆದುಕೊಟ್ಟವಳಿಗೆ ನೀವು ಕೊಟ್ಟ ಉತ್ತರ ನೋಡಿದ ಮೇಲೆ, ಇನ್ನು ಯಾರು ಬಾಯಿ ಬಿಡುತ್ತಾರೆ?

ಅವಳು ಹೆದರಿಲ್ಲ ಎನ್ನುತ್ತಾಳೆ. ಆದರೆ ಊಟಕ್ಕೆ ಕೂತಾಗ ಬೆರಳಿನಿಂದ ಮೇಜಿನ ಮೇಲೆ ಒಂದು ಸುತ್ತು ಎಳೆಯುತ್ತಾಳೆ, ನಿಲ್ಲಿಸುತ್ತಾಳೆ, ಅದನ್ನೇ ಇನ್ನೊಂದು ಬದಿಗೆ ಎಳೆಯುತ್ತಾಳೆ. ನಾನು ನೋಡಿಯೂ ನೋಡದಂತೆ ಲೋಟಕ್ಕೆ ನೀರು ಹಾಕುತ್ತೇನೆ. ಅಂಗಡಿಯಲ್ಲಿ "ಇದು ಸ್ಪಷ್ಟವೋ, ಇದೋ" ಎಂದು ಮಸೂರ ಬದಲಿಸುವಾಗ ಬಲಗಣ್ಣು ಯಾವುದೆಂದು ಎರಡೆರಡು ಸಲ ನೋಡಿಕೊಳ್ಳುತ್ತೇನೆ. ಮೋಡ ಕವಿದ ದಿನ ಫೋನನ್ನು ಗಲ್ಲಾದ ಮೇಲೆ ಎದುರಿಗೇ ಇಟ್ಟುಕೊಳ್ಳುತ್ತೇನೆ. ಅದು ಬಡಿದುಕೊಂಡರೆ ಎತ್ತಲು ಹೆದರಿಕೆ, ಸುಮ್ಮನಿದ್ದರೆ ಇನ್ನೂ ಹೆದರಿಕೆ.

ಪತ್ರ ಬರೆಯುತ್ತೇನೆ ಎಂದಾಗ ಅವಳು, "ಬರಿ. ನಾನು ತಪ್ಪೇ ಮಾಡ್ಲಿಲ್ಲ ಅಂತ ಮಾತ್ರ ಬರೀಬೇಡ," ಎಂದಳು.

"ಇದು ಸರಿಹೋಗೋ ತನಕ ರಜೆ ಹಾಕೇ."

"ನಾನು ಹಾಕಿದ್ರೆ ಆ ಸೀಟಲ್ಲಿ ಇನ್ನೊಬ್ರು ಕೂರ್ತಾರೆ. ಅವ್ರಿಗೆ ಇದು ಗೊತ್ತೂ ಇರಲ್ಲ."

ಇದಕ್ಕೆ ಉತ್ತರ ನಿಮ್ಮ ಬಳಿ ಇರಬೇಕು.

ಆ ಮುದ್ರೆಯನ್ನು ಹಿಂತೆಗೆದುಕೊಳ್ಳಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಪೈಲಟ್‌ನನ್ನೂ ಮೊದಲು ನೆಲದ ಮೇಲೆ ಕೂರಿಸಿ, ಬಾಯಲ್ಲಿ ಹೇಳಿದ ಹೋಲ್ಡನ್ನು ಒತ್ತಿಸಿ, ಸುತ್ತು ಎತ್ತ ಬಿದ್ದಿದೆ ಎಂದು ಬೆರಳಿಟ್ಟು ತೋರಿಸುವವರೆಗೆ ಹಾರಲು ಬಿಡಬೇಡಿ. ನನ್ನ ಹೆಂಡತಿಯ ವರದಿಯನ್ನು ಅವಳ ತಪ್ಪಿನ ಸಮೇತ ಎಲ್ಲ ಪೈಲಟ್‌ಗಳಿಗೂ ಕಳುಹಿಸಿ. ಅವಳ ಅಭ್ಯಂತರವಿಲ್ಲ.

ಇದೆಲ್ಲ ಸೋಮವಾರದೊಳಗೆ ಆಗಬೇಕು. ಆ ದಿನದ ನಂತರ ಅವಳು ಹೊಸ ಯಂತ್ರದ ವಿಮಾನವನ್ನೇ ಹಾರಿಸುತ್ತಿದ್ದಾಳೆ. ಇನ್ನೂರ ಎಪ್ಪತ್ತು ಎಂಬುದು ಈಗ ಕೈಗೆ ಒಗ್ಗಿದೆ. ಸೋಮವಾರ ಅವಳಿಗೆ ಹಳೆಯದನ್ನು ಕೊಡುತ್ತಾರಂತೆ.

ಇಂತಿ,
ಏನೂ ತಿಳಿಯದಿದ್ದಷ್ಟು ಕಾಲ ಚೆನ್ನಾಗಿ ನಿದ್ದೆ ಮಾಡುತ್ತಿದ್ದ,
ಪೈಲಟ್ ಒಬ್ಬಳ ಗಂಡ