ಎಷ್ಟನೇ ಜ್ವರ?

ನವೆಂಬರ್ 10, ಸೋಮವಾರ

ಎಂ. ಶಿವಕುಮಾರಸ್ವಾಮಿ, ಎಂ.ಎ., ಕನ್ನಡ ಉಪನ್ಯಾಸಕ, ವಯಸ್ಸು ನಲವತ್ತೊಂಬತ್ತು ಆದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ, ಕೊಳ್ಳೇಗಾಲದ ನಮ್ಮ ಕಾಲೇಜಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಬ್ಯಾಂಡೇಜ್ ಬಟ್ಟೆ ಎರಡು ಸುರುಳಿ, ಮುಲಾಮು ಒಂದು ಟ್ಯೂಬ್ ಕದ್ದೆ. ಪೆಟ್ಟಿಗೆಯ ಬೀಗದಕೈ ಇರುವುದು ಪ್ರಥಮ ಚಿಕಿತ್ಸೆ ಸಮಿತಿಯ ಸಂಚಾಲಕನ ಹತ್ತಿರ. ಸಂಚಾಲಕ ನಾನೇ. ಹಾಗಾಗಿ ಕಳ್ಳನಿಗೂ ಕಾವಲುಗಾರನಿಗೂ ಜಗಳವಾಗಲಿಲ್ಲ.

ಕದ್ದದ್ದು ಅಕ್ಕನಿಗೆ. ನಿನ್ನೆ ಹನೂರಿನಲ್ಲಿ ನಾಮಕರಣದ ಊಟ ಮುಗಿಸಿ, ಸುವರ್ಣಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಗರಕ್ಕೆ ಬಿಡಲು ಹೊರಟಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಒಂದು ಶ್ಲೇಷೆ ಹೊಳೆಯಿತು. ಹೇಳಿದೆ. ಅಕ್ಕ ನಕ್ಕಳೋ ಇಲ್ಲವೋ ಎಂದು ತಿರುಗಿ ನೋಡಿದೆ. ರಸ್ತೆ ಬದಿ ಜಲ್ಲಿ. ಮೈ ಜಲ್ ಅಂದಿತು. ಇಬ್ಬರೂ ನೆಲದ ಮೇಲೆ. ನನಗೆ ಎಡ ಮೊಣಕೈ ತರಚಿತು. ಅಕ್ಕನಿಗೆ ಬಲಗಾಲು, ಗಿಣ್ಣಿನ ಮೇಲೆ ಅಂಗೈಯಗಲ.

ಯಳಂದೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಅಂದೆ.

“ಉಳ ಮೂರನೇ ಜ್ವರ ಎದ್ದವೆ ಕಣ್ಲಾ, ಸೊಪ್ಪಾಕ್ಬೇಕು. ಮೊದ್ಲು ಮನೆಗೆ ನಡಿ. ತರ್ಚಿದ್ಕೆಲ್ಲ ಓದ್ರೆ ಡಾಕ್ಟ್ರು ನಗ್ತಾರೆ.”

ಅಕ್ಕ-ಭಾವ ರೇಷ್ಮೆ ಹುಳ ಸಾಕುವವರು. ಹುಳ ಪೊರೆ ಕಳಚುವ ಮೊದಲು ಸೊಪ್ಪು ಮುಟ್ಟದೆ, ಅಲ್ಲಾಡದೆ, ಒಂದು ದಿನ ತಪಸ್ಸಿಗೆ ಕೂರುತ್ತದೆ. ಅದಕ್ಕೆ ಅವರ ಮಾತಿನಲ್ಲಿ ಜ್ವರ. ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಅಂತ. ನಾಲ್ಕು ಜ್ವರ ಎದ್ದ ಹುಳ ಗೂಡು ಕಟ್ಟುತ್ತದೆ. ಅಕ್ಕನಿಗೆ ಇರುವುದು ಸಕ್ಕರೆ ಕಾಯಿಲೆ, ಹನ್ನೊಂದು ವರ್ಷದ್ದು. ಅದು ಏಳುವುದೂ ಇಲ್ಲ, ಗೂಡು ಕಟ್ಟುವುದೂ ಇಲ್ಲ.

ಡಾಕ್ಟರ್ ಯಾಕೆ, ನಾನಿಲ್ಲವೇ? ಚಾಮರಾಜನಗರದಲ್ಲಿ ಒಂದು ದಿನದ ತರಬೇತಿ ಪಡೆದವನು. ಪ್ರಮಾಣಪತ್ರವಿದೆ, ಗೊಂಬೆಗೆ ಪಟ್ಟಿ ಕಟ್ಟುತ್ತಿರುವ ಫೋಟೊ ಇದೆ (ಫ್ಲಾಶಿಗೆ ಕಣ್ಣು ಮುಚ್ಚಿಬಿಟ್ಟಿದ್ದೇನೆ, ಅಷ್ಟೇ). ಅಕ್ಕನ ಕಾಲನ್ನು ಹಿತ್ತಲ ಕಲ್ಲಿನ ಮೇಲಿಡಿಸಿ, ಸೋಪು ಹಾಕಿ, ಗಡಿಯಾರ ನೋಡಿ ಹತ್ತು ನಿಮಿಷ ತೊಳೆದೆ. ಒಂದು ಕಣ ಮರಳು ಬಿಡಲಿಲ್ಲ. ಮನೆಯಲ್ಲಿದ್ದ ಬಟ್ಟೆ ಕಟ್ಟಿ, “ಸೋಪು ಹಾಕಿ ಹತ್ತು ನಿಮಿಷ ತೊಳೆದಿದ್ದೀನಿ, ಯಾರೂ ಬಿಚ್ಚಬೇಡಿ, ನಾನೇ ಬಂದು ಬಿಚ್ತೀನಿ” ಎಂದು ಆಜ್ಞೆ ಹೊರಡಿಸಿ ಬಂದೆ. ಜಿಲ್ಲೆಯಲ್ಲಿ ಇದಕ್ಕಿಂತ ಚೊಕ್ಕಟವಾಗಿ ತೊಳೆದ ಗಾಯವಿದ್ದರೆ ತಂದು ತೋರಿಸಲಿ.

ನನ್ನ ಮೊಣಕೈ ತೊಳೆದದ್ದು ಹೆಂಡತಿ ರತ್ನ. ಪ್ರಮಾಣಪತ್ರ ಇಲ್ಲ, ಕರುಣೆಯೂ ಇಲ್ಲ. ನಲ್ಲಿ ಕೆಳಗೆ ಹಿಡಿದು, ನಾನು ಕೂಗಿದಷ್ಟೂ ಉಜ್ಜಿದಳು.

ನವೆಂಬರ್ 11, ಮಂಗಳವಾರ

ಸ್ಟಾಫ್ ರೂಮಿನಲ್ಲಿ ಮೊಣಕೈ ಪ್ರದರ್ಶನ. ಗಾಯ ಮಾಡಿಕೊಂಡವನು ಗಾಯಕ, ಅಕ್ಕ ಹಿಮ್ಮೇಳ ಅಂದೆ. ಗಣಿತದ ಮಾದಸ್ವಾಮಿ ಮಾತ್ರ ನಗಲಿಲ್ಲ.

“ನಿಮ್ಮಕ್ಕೋರ್ಗೆ ಸುಗರ್ ಅಲ್ವಾ ಸಾ? ತೋರ್ಸಿದ್ರಾ?”

“ಹತ್ತು ನಿಮಿಷ ತೊಳೆದಿದ್ದೇನೆ ಕಣ್ರೀ” ಅಂದೆ. ಗೋಡೆಯ ಮೇಲೆ ನಾನೇ ಬರೆಸಿ ಅಂಟಿಸಿದ ಚಾರ್ಟಿದೆ, ‘ಗಾಯ ಕೆಟ್ಟಿರುವ ಲಕ್ಷಣಗಳು’: ಸುತ್ತ ಹರಡುವ ಕೆಂಪು, ಬಿಸಿ, ಬಾವು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಕೀವು, ವಾಸನೆ, ಜ್ವರ. ಅದನ್ನು ಗಟ್ಟಿಯಾಗಿ ಓದಿದೆ. ಮಾದಸ್ವಾಮಿ ಕೇಳಿಸಿಕೊಂಡು, “ಓದದು ಸರಿ ಸಾ, ನೋಡುದ್ರಾ?” ಅಂದರು. ಗಣಿತದವರಿಗೆ ರಸವಿಲ್ಲ.

ಸಂಜೆ ಅಗರಕ್ಕೆ ಹೋಗಿ ಪಟ್ಟಿ ಬದಲಿಸಬೇಕಿತ್ತು. ಕದ್ದ ಮಾಲು ಸ್ಕೂಟರಿನ ಡಿಕ್ಕಿಯಲ್ಲೇ ಇದೆ. ಉತ್ತರಪತ್ರಿಕೆಯ ಕಟ್ಟು ಮುಗಿದಿಲ್ಲ. ನಾಳೆ.

ನವೆಂಬರ್ 12

ನಾಳೆ.

ನವೆಂಬರ್ 13, ಗುರುವಾರ

ಮಧ್ಯಾಹ್ನ ಭಾವ ಮಲ್ಲಿಕಾರ್ಜುನಸ್ವಾಮಿಯವರ ಫೋನು. ಮೂರನೇ ಪೀರಿಯಡ್ಡಿಗೂ ನಾಲ್ಕನೆಯದಕ್ಕೂ ನಡುವೆ.

“ನೆನ್ನೆ ಸಂಜೆಯಿಂದ ಜ್ವರ ಕಣಪ್ಪ. ಏನೂ ಮುಟ್ಟದೆ ಸುಮ್ನೆ ಬಿದ್ದದೆ.”

“ಎಷ್ಟನೇ ಜ್ವರ ಭಾವ? ನಾಲ್ಕನೇದಾ?”

“ಎಷ್ಟನೇದು ಅಂತ ಎಣಿಸ್ಕಂಡ್ ಕುಂತಿದ್ದನಾ? ನೀನ್ ಯಾವಾಗ್ ಬಂದೀಯೆ?”

“ಭಾನುವಾರ. ಜ್ವರ ಎದ್ದ ಮೇಲೆ ಎಲ್ಲ ಸರಿಹೋಗುತ್ತೆ ಬಿಡಿ. ಮೇಲಿಂದ ಮೇಲೆ ಸೊಪ್ಪು ಹಾಕಿ.”

ಆ ಕಡೆ ಭಾವ ಏನೋ ಹೇಳಲು ಹೊರಟರು. ಈ ಕಡೆ ಬೆಲ್ಲು. ಇಟ್ಟೆ.

ರೇಷ್ಮೆ ಬಗ್ಗೆ ಭಾವನಿಗೇ ಸಲಹೆ ಕೊಡುವ ಮಟ್ಟಕ್ಕೆ ಬಂದಿದ್ದೇನೆ ಎಂದು ಊಟದ ಹೊತ್ತಿನಲ್ಲಿ ರತ್ನಳಿಗೆ ಹೇಳಿದೆ. ನನ್ನ ಮೊಣಕೈಯಲ್ಲಿ ಹಕ್ಕಳೆ ಕಟ್ಟಿದೆ. ಕೆರೆಯಬಾರದು.

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ 6.20

ಮತ್ತೆ ಭಾವ. ಮೆಲ್ಲಗೆ, ಒಂದೊಂದೇ ಪದ.

“ಉಳ ಜ್ವರ ಎದ್ದೊ ಕಣಪ್ಪ. ನಿಮ್ಮಕ್ಕ ಏಳ್ನಿಲ್ಲ.”

ಅದೇ ದಿನ, ಸಂಜೆ 5. ಯಳಂದೂರು, ಆಸ್ಪತ್ರೆ.

ವರಾಂಡದಲ್ಲಿ ಕೂತು, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬೆಳಿಗ್ಗೆ ಅಗರದ ಮನೆಗೆ ಹೋದಾಗ ಅಕ್ಕ ಗೋಡೆಗೊರಗಿ ಕೂತಿದ್ದಳು. ಮುಟ್ಟಿದರೆ ಹಂಚಿನ ಹಾಗೆ ಮೈ. ನಾನು ಕಟ್ಟಿದ ಅದೇ ಬಟ್ಟೆ, ಐದು ದಿನದ್ದು. ಯಾರೂ ಬಿಚ್ಚಿಲ್ಲ. ನಾನು ಹೇಳಿದ್ದೆನಲ್ಲ. ಹತ್ತಿರ ಕೂತರೆ ವಾಸನೆ. ಪಟ್ಟಿಯ ಮೇಲೂ ಕೆಳಗೂ ಕಾಲು ಉಬ್ಬಿ ಮಿರಮಿರ ಅನ್ನುತ್ತಿತ್ತು. ಆಟೊದಲ್ಲಿ ‘ಕಾಲಿಗೆ ಬಾವು, ಪಕ್ಕದಲ್ಲಿ ಭಾವ’ ಅಂತ ಒಂದು ನಾಲಗೆ ತುದಿಗೆ ಬಂತು. ನುಂಗಿದೆ. ಜೀವನದಲ್ಲಿ ಮೊದಲ ಸಲ.

ಡಾಕ್ಟರ್ ಯಶೋದ ನನ್ನ ಹಳೆಯ ವಿದ್ಯಾರ್ಥಿನಿ. ಪಟ್ಟಿಯನ್ನು ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಟ್ರೇಯಲ್ಲಿ ಚಿಕ್ಕ ಸದ್ದು, ಟಣ್. ಮತ್ತೆ ಟಣ್. ಗಾಯದೊಳಗಿಂದ ತೆಗೆದ ಜಲ್ಲಿಯ ಚೂರುಗಳು. ಏಳು.

“ಬಿದ್ದಾಗ ಇದನ್ನ ತೊಳೆದೋರ್ ಯಾರು?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಆ ಜ್ವರದಲ್ಲೂ:

“ನಮ್ ಕುಮಾರ್ನೇ ಕಣವ್ವ. ಅತ್ತು ನಿಮ್ಸ, ಸೋಪಾಕಿ. ನಾನೇ ಆಮೇಲೆ ತ್ವಾಟದಲ್ಲಿ ಮಣ್ ತುಳ್ದೆ.”

ಯಶೋದ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಹೌದು ಅನ್ನುವ ಹಾಗೆ.

ಸಕ್ಕರೆ ಮುನ್ನೂರ ನಲವತ್ತು. ಟಿ.ಟಿ., ಆಮೇಲೆ ರಕ್ತನಾಳಕ್ಕೇ ಔಷಧಿ. ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅದರ ಅಂಚಿನುದ್ದಕ್ಕೂ ಬಾಲ್‌ಪೆನ್ನಿನಿಂದ ಗೆರೆ ಎಳೆದು ಟೈಮ್ ಬರೆದರು.

“ಸರ್, ಸಕ್ಕರೆ ಇರೋರಿಗೆ ತರಚು ಗಾಯ ಆದ್ರೂ ಮೊದಲನೇ ದಿನವೇ ತೋರಿಸ್ಬೇಕು. ನಾಳೆ ಬೆಳಿಗ್ಗೆ ಕೆಂಪು ಈ ಗೆರೆ ದಾಟಿದ್ರೆ ಮೈಸೂರಿಗೆ ಕಳಿಸ್ತೀನಿ. ಕಾಲಿನ ವಿಷಯ ಈಗಲೇ ಏನೂ ಹೇಳೋಕಾಗಲ್ಲ.”

ಕಾಲಿನ ವಿಷಯ. ಅಮ್ಮ ಹೋದ ಮೇಲೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಗರದಿಂದ ಯಳಂದೂರಿನ ಶಾಲೆಗೆ ನಡೆದ ಕಾಲು.

ನವೆಂಬರ್ 15, ಶನಿವಾರ

ಬೆಳಿಗ್ಗೆ 6. ಲಕ್ಷ್ಮಣರೇಖೆಯಲ್ಲ ಇದು, ಲಕ್ಷಣರೇಖೆ. ದಾಟಿಲ್ಲ ಅನ್ನಿಸುತ್ತದೆ. ಕನ್ನಡಕ ಒರೆಸಿ ನೋಡಿದೆ. ಗೊತ್ತಾಗುತ್ತಿಲ್ಲ.

7.30. ಭಾವ ಸೊಪ್ಪು ಹಾಕಿ, ನಿನ್ನೆ ಅಗರದಲ್ಲೇ ಬಿಟ್ಟಿದ್ದ ನನ್ನ ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಸೊಪ್ಪಿನ ವಾಸನೆ. ನೋಡಿದರು. “ಮೊಣಕಾಲ್ ಕಡೆ ವಸಿ ಏರದೆ ಕಣಪ್ಪ.”

7.45. ಏರಿದೆ. ಎರಡು ಬೆರಳು.

8.10. ಆಂಬುಲೆನ್ಸಿಗೆ ಹೇಳಿದ್ದಾರೆ. ಭಾವ ಇಟ್ಟು ತಂದ ಅಕ್ಕನ ಆಧಾರ್ ತೆಗೆದುಕೊಳ್ಳಲು ಸ್ಕೂಟರಿನ ಡಿಕ್ಕಿ ತೆಗೆದೆ. ಬ್ಯಾಂಡೇಜ್ ಎರಡು ಸುರುಳಿ, ಮುಲಾಮು ಒಂದು ಟ್ಯೂಬ್. ಒಡೆಯದ ಸೀಲು.

ನವೆಂಬರ್ 20, ಮೈಸೂರು

ಬರೆಯಲು ಆಗಿರಲಿಲ್ಲ. ಭಾನುವಾರ ಥಿಯೇಟರಿಗೆ ಕರೆದೊಯ್ದು ಕೆಟ್ಟ ಚರ್ಮವನ್ನೆಲ್ಲ ತೆಗೆದರು. ಸಹಿ ಹಾಕಿದ ಕಾಗದದಲ್ಲಿ ‘ಅಗತ್ಯ ಬಿದ್ದಲ್ಲಿ ಪಾದ’ ಎಂಬ ಸಾಲಿತ್ತು. ಇಪ್ಪತ್ತೈದು ವರ್ಷ ವಾಕ್ಯಗಳನ್ನು ಬಿಡಿಸಿ ಪಾಠ ಮಾಡಿದವನು. ಆ ವಾಕ್ಯವನ್ನು ಪೂರ್ತಿ ಓದಲಿಲ್ಲ.

ಅಗತ್ಯ ಬೀಳಲಿಲ್ಲ. ನಿನ್ನೆಯಿಂದ ಜ್ವರವಿಲ್ಲ. ಗೆರೆಯೊಳಗೆ ಕೆಂಪು ಹಿಂದೆ ಸರಿಯುತ್ತಿದೆ. ಅಕ್ಕ ಮೊದಲು ಕೇಳಿದ್ದು, “ಉಳ ಎಂಗವೆ?”

ನನ್ನ ಮೊಣಕೈಯ ಹಕ್ಕಳೆ ಉದುರಿ, ಕೆಳಗೆ ಹೊಸ ಚರ್ಮ. ತಿಳಿ ಗುಲಾಬಿ. ಅದು ಕಾಣದಂತೆ ಅಂಗಿಯ ತೋಳು ಇಳಿಬಿಟ್ಟುಕೊಂಡು ಓಡಾಡುತ್ತಿದ್ದೇನೆ.

ನವೆಂಬರ್ 27, ಗುರುವಾರ, ಅಗರ

ಅಕ್ಕ ನಿನ್ನೆ ಮನೆಗೆ ಬಂದಳು. ಗಾಯ ಮಾಯಲು ಎರಡು ತಿಂಗಳಾದರೂ ಬೇಕಂತೆ. ದಿನವೂ ಪಟ್ಟಿ ಬಿಚ್ಚಬೇಕು, ತೊಳೆಯಬೇಕು, ನೋಡಬೇಕು. ಡಾಕ್ಟರ್ ಒತ್ತಿ ಹೇಳಿದ್ದು ಕೊನೆಯ ಪದ.

ಇವತ್ತು ನಾನೇ ಮಾಡುತ್ತೇನೆಂದು ರಜೆ ಹಾಕಿ ಬಂದೆ. ಅದೇ ಹಿತ್ತಲು, ಅದೇ ಕಲ್ಲು. ಭಾವ ಗೂಡು ಬಿಡಿಸುತ್ತಾ ಪಡಸಾಲೆಯಲ್ಲಿ ಕೂತಿದ್ದರು. ಅಲ್ಲಿಂದಲೇ: “ಅತ್ತು ನಿಮ್ಸ ತೊಳ್ದಿದ್ರೂ ಇಂಗಾಯ್ತಲ್ಲಪ್ಪ!”

“ನೀವ್ ಸುಮ್ಕಿರಿ, ಮಣ್ ತುಳ್ದೋಳು ನಾನು” ಅಂದಳು ಅಕ್ಕ, ದೊಡ್ಡ ದನಿಯಲ್ಲಿ. ಆಮೇಲೆ ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ:

“ಈ ಸಲನಾರ ಕಣ್ ಬುಟ್ಕಂಡು ತೊಳೀಲಾ, ಕುಮಾರ.”

ಅಕ್ಕನಿಗೆ ಗೊತ್ತಿತ್ತು. ಮೊದಲಿನಿಂದಲೂ.

ಹಾಗಾದರೆ ಹತ್ತನೇ ತಾರೀಖಿನ ಪುಟ ತಿದ್ದಲೇಬೇಕು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆ. ಹತ್ತು ನಿಮಿಷವಲ್ಲ, ಎರಡು ಚೊಂಬು ನೀರು. ಸೋಪು ಮುಟ್ಟಿಸಲಿಲ್ಲ. ರಕ್ತ ಕಂಡಿತು, ಅಕ್ಕ “ಉರೀತದೆ ಕಣ್ಲಾ” ಅಂದಳು, ನಾನು ಕಣ್ಣು ಮುಚ್ಚಿದೆ. ಮುಚ್ಚಿಕೊಂಡೇ ಬಟ್ಟೆ ಸುತ್ತಿದೆ. ‘ನಾನೇ ಬಿಚ್ತೀನಿ’ ಅಂದದ್ದು ಗಾಯದ ಕಾಳಜಿಗಲ್ಲ, ಯಾರೂ ಒಳಗೆ ನೋಡದಿರಲಿ ಅಂತ. ನಾಳೆ, ನಾಳೆ ಅಂದದ್ದೂ ಉತ್ತರಪತ್ರಿಕೆಗಾಗಿ ಅಲ್ಲ.

ಇನ್ನು ಆ ಫೋಟೊ. ಕಣ್ಣು ಮುಚ್ಚಿದ್ದು ಫ್ಲಾಶಿಗಲ್ಲ. ಎದುರಿಗಿದ್ದದ್ದು ಬರೀ ಗೊಂಬೆ, ಮೊಣಕಾಲಿಗೆ ಕುಂಕುಮ ಕಲೆಸಿದ ನೀರು ಬಳಿದಿದ್ದರು. ಫೋಟೊ ತೆಗೆದಾದ ಮೇಲೆ ಆ ಗೊಂಬೆಯನ್ನು ಮೇಜಿನಿಂದ ಕೆಳಗಿಳಿಸಿ, ಅದರ ಜಾಗದಲ್ಲಿ ನನ್ನನ್ನು ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು. ಇವತ್ತು ಕಣ್ಣು ಬಿಟ್ಟುಕೊಂಡೇ ತೊಳೆದೆ.