ಅಮ್ಮನ ಮೀನಿನ ಹರಕೆ

ಅಲ್ ಮನ್ಸೂರಾ, ದೋಹಾ
೧೩ ಮಾರ್ಚ್ ೨೦೦೪

ಅಮ್ಮನಿಗೆ ಯಜ್ಞೇಶನ ನಮಸ್ಕಾರಗಳು.

ನಾನು ಪ್ರತಿ ಶುಕ್ರವಾರ ಭಜನೆಗೆ ಹೋಗುತ್ತೇನೆಂದು ದೂಮಪ್ಪ ಮಾವ ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಮಗ ದೇವರೆದುರು ಕೂರುವವರೆಗೆ ಮೀನು ಮುಟ್ಟುವುದಿಲ್ಲವೆಂದು ಹರಕೆ ಹೊತ್ತವರು ನೀವು. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಭಜನೆ ನಡೆಯುವುದು ಮಾವನ ಫ್ಲ್ಯಾಟಿನಲ್ಲಿ, ಬಾಗಿಲು ಮುಚ್ಚಿ, ತಾಳವಿಲ್ಲದೆ. ಮೆಟ್ಟಿಲಲ್ಲಿ ಚಪ್ಪಲಿ ರಾಶಿ ಬಿದ್ದರೆ ಬಿಲ್ಡಿಂಗಿನವರು ತಕರಾರು ಮಾಡುತ್ತಾರೆ. “ನಿನಗೆ ಹೇಗೂ ನಂಬಿಕೆ ಇಲ್ಲ ಮಾರಾಯ, ಹೊರಗೆ ನಿಂತು ಚಪ್ಪಲಿ ನೋಡಿಕೋ” ಎಂದರು ಮಾವ. ಬಂದವರ ಚಪ್ಪಲಿಗಳನ್ನು ಗೋಣಿಯಲ್ಲಿ ತುಂಬಿಸಿಡುವುದು ನನ್ನ ಕೆಲಸ. ಒಳಗೆ ಹೋಗಿಲ್ಲ, ಕೈ ಮುಗಿದಿಲ್ಲ, ಮುಗಿಯುವುದೂ ಇಲ್ಲ.

ನಿನ್ನೆ ಹಾಡು ಅರ್ಧಕ್ಕೆ ನಿಂತಿತು. ಮುಂದಿನ ಸಾಲು ಒಬ್ಬರಿಗೂ ನೆನಪಿರಲಿಲ್ಲ. ನೀವು ಮುಸ್ಸಂಜೆ ದೀಪ ಹಚ್ಚಿ ಹಾಡುತ್ತಿದ್ದದ್ದು ಅದೇ ಹಾಡು. ಬಾಗಿಲ ಸಂದಿಯಿಂದ ನಾನೇ ಕೊನೆಯವರೆಗೂ ಹೇಳಿಕೊಟ್ಟೆ. ಭಕ್ತಿಯಿಂದಲ್ಲ, ನಿಮ್ಮ ಸ್ವರ ನೆನಪಿತ್ತು, ಅಷ್ಟೇ.

ಇಷ್ಟಕ್ಕೆ ಹರಕೆ ತೀರುತ್ತದೆಯೇ ಎಂದು ದೇವರನ್ನು ನೀವೇ ಕೇಳಿ. ಒಪ್ಪಿದರೆ ಈ ಪತ್ರ ಸಿಕ್ಕಿದ ದಿನವೇ ಬಂಗುಡೆ ತರಿಸಿ. ಒಪ್ಪದಿದ್ದರೆ ನನ್ನ ಹೆಸರು ಹೇಳಿ ಇನ್ನೊಮ್ಮೆ ಕೇಳಿ.

ನಿಮ್ಮ ಮಗ,
ಯಜ್ಞೇಶ