ಸ್ಟೀರಿಂಗ್ ಕಳಿಸಬೇಡ

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ನಿಮ್ಮಣ್ಣ ಮನೆಯ ಶೆಡ್ಡಿನಲ್ಲಿ ಜೋಡಿಸುತ್ತಿರುವ ಹಳೇ ಕಾರಿಗೆ ಗುಜರಿಯಲ್ಲಿ ಕೊನೆಗೂ ಸ್ಟೀರಿಂಗ್ ಸಿಕ್ಕಿತೆಂದು ಬರೆದಿದ್ದೀಯ. ಕೈಮುಗಿದು ಕೇಳುತ್ತೇನೆ, ಅದನ್ನು ಕಳಿಸಬೇಡ.

ಇವರ ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದಾರೆ. ಇವರು ಮಾತ್ರ ದಿನಾ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗಿ, ಬಿಗಿಯಾಗಿರುವ ನಟ್ಟುಗಳನ್ನೇ ತಡವಿ ತಡವಿ ಮತ್ತೆ ಬಿಗಿ ಮಾಡುತ್ತಾರೆ. ಸ್ಪ್ಯಾನರು ಕೊಡುವವಳು ನಾನು. "ಸ್ಟೀರಿಂಗ್ ಬರೋಷ್ಟರಲ್ಲಿ ಕಣ್ಣೂ ಸರಿಹೋಗುತ್ತೆ ಕಣೇ. ಟಾಪಿಲ್ಲದ ಕಾರು, ತಲೆಗೆ ಬಟ್ಟೆ ಬಿಗಿಯಾಗಿ ಕಟ್ಕೊಂಡು ಕೂತ್ಕೋ" ಎಂದು ನಗುತ್ತಾರೆ.

ಕಣ್ಣು ಕೊಡಪ್ಪಾ ಎಂದು ದೇವರನ್ನು ಕೇಳುವುದನ್ನೂ ನಾನು ಬಿಟ್ಟಿದ್ದೇನೆ. ಕಾರು ನಿಂತಿರುವುದು ಸ್ಟೀರಿಂಗ್ ಇಲ್ಲದ್ದಕ್ಕೇ ಎಂದು ಅವರು ತಿಳಿದುಕೊಂಡಿರಲಿ. ಫೋನಿನಲ್ಲಿ ಕೇಳಿದರೆ, ಇನ್ನೂ ಹುಡುಕುತ್ತಿದ್ದೇನೆ ಅನ್ನು. ಆ ಸುಳ್ಳಿನ ಪಾಪ ನನಗಿರಲಿ.

ನಿನ್ನ ಅತ್ತಿಗೆ